ಕಡತಕ್ಕೆ ಬೀಗ

ಕಂಪ್ಯೂಟರಿನ ಫೈಲಿಗೆ ಸಲ್ಲುವ ‘ಕಡತ’ ಎಂಬ ಮಾತು ಹಳೆಯದು. ಹುಣಸೆಬೀಜದ ಅಂಟಿಗೆ ಇದ್ದಿಲಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ ಮಡಿಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಪುಸ್ತಕವೇ ಕಡತ. 1443ರಲ್ಲಿ ವಿಜಯನಗರಕ್ಕೆ, ಅಂದರೆ ಈಗಿನ ಹಂಪಿಗೆ, ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಕಪ್ಪು ಹಾಸಿನ ಮೇಲೆ ಮೆದುಗಲ್ಲಿನಿಂದ ಬರೆಯುವ ಬಿಳಿ ಅಕ್ಷರಗಳನ್ನು ವರ್ಣಿಸಿದ್ದಾನೆ. ದಫ್ತರವಿಟ್ಟು ಕರಣಿಕರು ಕೂರುತ್ತಿದ್ದ ಜಗಲಿ ಆಳೆತ್ತರಕ್ಕಿಂತ ಮೇಲಿತ್ತಂತೆ.

ಅರಮನೆಯ ದಫ್ತರಕ್ಕೆ ಜಗಲಿ; ಮನೆಯ ಗುಟ್ಟಿಗೆ ಬೀಗದ ಪೆಟ್ಟಿಗೆ, ಆಮೇಲೆ ಟ್ರಂಕು. ಹೊಸಪೇಟೆ, ಸಂಡೂರು, ಕಂಪ್ಲಿಯ ಮನೆಗಳಿಗೆ ಕಂಪ್ಯೂಟರ್ ಬಂದಾಗ ಇಡೀ ಮನೆಗೆ ಒಂದೇ ಪೆಟ್ಟಿಗೆಯಾಯಿತು. ವಿಂಡೋಸ್ 98 ಪಾಸ್‌ವರ್ಡ್ ಕೇಳುತ್ತಿತ್ತು ನಿಜ, ಆದರೆ ಎಸ್ಕೇಪ್ ಕೀಲಿ ಒತ್ತಿದರೆ ಯಾರನ್ನಾದರೂ ಒಳಗೆ ಬಿಡುತ್ತಿತ್ತು. ಅದು ಬೀಗವಲ್ಲ, ಬಾಗಿಲ ಪರದೆ. 2001ರ ಎಕ್ಸ್‌ಪಿಯಲ್ಲಿ ಒಬ್ಬೊಬ್ಬರಿಗೂ ಬೇರೆ ಖಾತೆ ಮಾಡಬಹುದಿತ್ತು. ಡಿಸ್ಕು ಎನ್‌ಟಿಎಫ್‌ಎಸ್ ಮಾದರಿಯದಾದರೆ ತನ್ನ ಫೋಲ್ಡರನ್ನು ಖಾಸಗಿಯಾಗಿಡಲೂ ಬರುತ್ತಿತ್ತು. ಆದರೂ ಡಿಸ್ಕನ್ನೇ ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿದರೆ ಎಲ್ಲವೂ ಬಯಲು. ಅದನ್ನು ತಡೆಯುವುದು ಗೂಢಲಿಪಿ ಮಾತ್ರ. ಅದರ ಪಾಸ್‌ವರ್ಡ್ ಮರೆತರೆ ಒಡೆಯನಿಗೂ ಕಡತ ತೆರೆಯುವುದಿಲ್ಲ.