ಶಾಲೆಯ ಅಂಗಳದಲ್ಲಿ ಮೊದಲ ಮಹಾಯುದ್ಧ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಶಾಲೆ ಕಟ್ಟಿದ ಕಥೆ, ಜಾಗ ಕೊಟ್ಟ ದಾನಿಗಳ ಕಥೆ ಬರೆಯಲು ನನಗಿಂತ ಹಿರಿಯರು ಇದ್ದಾರೆ. ನಾನು ಇಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವನು. ಆದ್ದರಿಂದ ನನ್ನ ಪಾಠಗಳಲ್ಲಿ ಒಂದರ ಬಗ್ಗೆಯೇ ಬರೆಯುತ್ತೇನೆ. ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಅದು ನೆನಪಿರಬಹುದು.

ನನ್ನ ಕಾಲದಲ್ಲಿ ಪಠ್ಯಪುಸ್ತಕ ಹಲವು ಸಲ ಬದಲಾಯಿತು. ಮೊದಲ ಮಹಾಯುದ್ಧದ ಪಾಠದ ಅಚ್ಚು ಮಾತ್ರ ಬದಲಾಗಲಿಲ್ಲ. ಕಾರಣಗಳು, ತಕ್ಷಣದ ಕಾರಣ, ಪರಿಣಾಮಗಳು. 1914ರ ಜೂನ್ 28ರಂದು ಸರಯೇವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾನ್ಸಿಸ್ ಫರ್ಡಿನೆಂಡನ ಕೊಲೆ, ಅದಾದ ಕೂಡಲೇ 1919ರ ವರ್ಸೇಲ್ಸ್ ಒಪ್ಪಂದ. ನಡುವಿನ ನಾಲ್ಕು ವರ್ಷಕ್ಕೆ ಮೂರೋ ನಾಲ್ಕೋ ಸಾಲು. ಪರೀಕ್ಷೆಗೆ ಅಷ್ಟು ಸಾಕು, ನಾನೂ ಒಪ್ಪುತ್ತೇನೆ. ಆದರೆ ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಭಾರತದ ಸೈನಿಕರೂ ಭಾಗವಹಿಸಿದ್ರು ಅಂತ ಐತೆ. ನಮ್ಮೋರು ಅಲ್ಲಿಗ್ಯಾಕೆ ಹೋದ್ರು? ಎಲ್ಲಿಗೆ ಹೋದ್ರು?" ಎಂದು ಕೇಳಿದ. ಆ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಆ ಮೂರು ಸಾಲಿಗೆ ನಾನು ನಾಲ್ಕು ಪಿರಿಯಡ್ ತೆಗೆದುಕೊಳ್ಳತೊಡಗಿದೆ. ಸಿಲಬಸ್ ಮುಗಿಯುವುದಿಲ್ಲ ಎಂದು ಸಹೋದ್ಯೋಗಿಗಳು ಎಚ್ಚರಿಸುತ್ತಿದ್ದರು. ಹೇಗೋ ಮುಗಿಯುತ್ತಿತ್ತು.

ಮೊದಲ ಪಿರಿಯಡ್ ತರಗತಿಯಲ್ಲಲ್ಲ, ಅಂಗಳದಲ್ಲಿ. ದೈಹಿಕ ಶಿಕ್ಷಕರು ಕಬಡ್ಡಿ ಅಂಕಣಕ್ಕೆ ಇಟ್ಟುಕೊಂಡ ಸುಣ್ಣದ ಪುಡಿಯಲ್ಲಿ ಎರಡು ಹಿಡಿ ಕೇಳಿ ತಂದು ನೆಲದ ಮೇಲೆ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಗಳ ಗಡಿ ಎಳೆಯುತ್ತಿದ್ದೆ. ಜರ್ಮನಿಗೆ ಪೂರ್ವದಲ್ಲಿ ರಷ್ಯಾ, ಪಶ್ಚಿಮದಲ್ಲಿ ಫ್ರಾನ್ಸ್, ಎರಡೂ ಶತ್ರುಗಳು. ರಷ್ಯಾ ದೊಡ್ಡ ದೇಶ, ಅದರ ಸೈನ್ಯ ಸಜ್ಜಾಗಲು ವಾರಗಟ್ಟಲೆ ಬೇಕು. ಅಷ್ಟರೊಳಗೆ ಬೆಲ್ಜಿಯಂ ಮೂಲಕ ಸುತ್ತಿ ಬಂದು ಫ್ರಾನ್ಸನ್ನು ಮುಗಿಸಿಬಿಡಬೇಕು ಎಂಬುದು ಜರ್ಮನ್ ಸೇನಾಪತಿಗಳ ಲೆಕ್ಕ. ಶ್ಲೀಫೆನ್ ಯೋಜನೆ ಎಂದು ಅದಕ್ಕೆ ಹೆಸರು. ಮಕ್ಕಳನ್ನು ಒಂದು ಸಾಲಾಗಿ ನಿಲ್ಲಿಸಿ ಬಾಗಿಲು ತೆರೆದಂತೆ ತಿರುಗಿ ಎನ್ನುತ್ತಿದ್ದೆ. ಆಗಸ್ಟ್ 15ರ ಕವಾಯತು ಮಾಡಿದವರಿಗೆ ಗೊತ್ತು: ಒಳತುದಿಯವನು ನಿಂತಲ್ಲೇ ಕಾಲು ಹಾಕುತ್ತಾನೆ, ಹೊರತುದಿಯವನು ಓಡಬೇಕು. ಜರ್ಮನಿಯ ಹೊರತುದಿಯಲ್ಲಿದ್ದದ್ದು ಅದರ ಒಂದನೇ ಸೈನ್ಯ. ಆಗಸ್ಟ್ ಬಿಸಿಲಿನಲ್ಲಿ, ಹೊರೆ ಹೊತ್ತು, ದಿನಕ್ಕೆ ಮೂವತ್ತು ಕಿಲೋಮೀಟರಿನಷ್ಟು ನಡೆಯಿತು. ರೈಲು ಹಿಂದೆಯೇ ಉಳಿಯಿತು, ಊಟ ಹಿಂದೆ ಉಳಿಯಿತು, ಕುದುರೆಗಳ ಮೇವೂ ಹಿಂದೆ ಉಳಿಯಿತು. ಪ್ಯಾರಿಸ್ಸಿನ ಹತ್ತಿರ ಬಂದಾಗ ಆ ಸೈನ್ಯ ಒಳಗೆ ತಿರುಗಿತು, ಪಕ್ಕದ ಸೈನ್ಯದೊಂದಿಗೆ ಅದಕ್ಕಿದ್ದ ಕೊಂಡಿ ಬಿಟ್ಟಿತು. ನಮ್ಮ ಸಾಲಿನಲ್ಲೂ ಅಷ್ಟೇ, ಓಡುವವರ ನಡುವೆ ಎಲ್ಲೋ ಒಂದು ಕಡೆ ಕೈ ಬಿಟ್ಟುಹೋಗುತ್ತಿತ್ತು. ಸೆಪ್ಟೆಂಬರಿನಲ್ಲಿ ಮಾರ್ನ್ ನದಿಯ ಬಳಿ ಫ್ರೆಂಚರು ಮತ್ತು ಬ್ರಿಟಿಷರು ಆ ಸಂದಿನೊಳಗೆ ನುಗ್ಗಿದರು. ಪ್ಯಾರಿಸ್ಸಿನ ಸುಮಾರು 600 ಟ್ಯಾಕ್ಸಿಗಳು ಸೈನಿಕರನ್ನು ಹೊತ್ತೊಯ್ದದ್ದು ಆಗಲೇ. ಮೀಟರ್ ಹಾಕಿದ್ದರಾ ಸಾರ್ ಎಂದು ಪ್ರತಿ ವರ್ಷವೂ ಯಾರಾದರೂ ಕೇಳುತ್ತಿದ್ದರು. ಹಾಕಿದ್ದರು, ಸರ್ಕಾರ ಬಾಡಿಗೆಯನ್ನೂ ಕೊಟ್ಟಿತು.

ಅಲ್ಲಿಂದ ಮುಂದೆ ಪಶ್ಚಿಮ ರಂಗದ ಕಥೆ ಕಂದಕದ ಕಥೆ. ಉತ್ತರ ಸಮುದ್ರದಿಂದ ಸ್ವಿಟ್ಜರ್ಲೆಂಡಿನವರೆಗೆ ಸುಮಾರು 700 ಕಿಲೋಮೀಟರ್ ಉದ್ದಕ್ಕೂ ಎರಡೂ ಕಡೆಯವರು ನೆಲ ಅಗೆದು ಕುಳಿತರು. ಇದನ್ನು ನಾನು ಬೇಗ ಮುಗಿಸುತ್ತಿದ್ದೆ, ಏಕೆಂದರೆ ಹೇಳಿದ್ದನ್ನೇ ಹೇಳಬೇಕು. ಒಂದು ಲೆಕ್ಕ ಮಾತ್ರ ಹಲಗೆಯ ಮೇಲೆ ಬರೆಯುತ್ತಿದ್ದೆ. 1916ರ ಜುಲೈ 1, ಸೊಮ್ಮ್ ಕದನದ ಮೊದಲ ದಿನ, ಬ್ರಿಟಿಷರ ಕಡೆ ಸತ್ತವರು, ಗಾಯಗೊಂಡವರು ಸೇರಿ ಸುಮಾರು 57,000. ಅದರಲ್ಲಿ ಸತ್ತವರೇ 19,000. ನವೆಂಬರಿನಲ್ಲಿ ಕದನ ನಿಂತಾಗ ಮುಂದೆ ಹೋಗಿದ್ದ ದೂರ ಹತ್ತು ಕಿಲೋಮೀಟರಿನಷ್ಟು. ನಮ್ಮ ಶಾಲೆಗೆ ಪಕ್ಕದ ಊರುಗಳಿಂದ ನಡೆದು ಬರುವ ಮಕ್ಕಳಿಗೆ ಹತ್ತು ಕಿಲೋಮೀಟರ್ ಎಂದರೆ ಎಷ್ಟು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಪಶ್ಚಿಮದಲ್ಲಿ ದಾರಿ ಮುಚ್ಚಿದಾಗ ಬೇರೆ ಬಾಗಿಲು ಹುಡುಕಿದರು. ಬ್ರಿಟನ್ನಿನ ನೌಕಾ ಮಂತ್ರಿ ಚರ್ಚಿಲ್, ತುರ್ಕಿಯ ಡಾರ್ಡನೆಲ್ಸ್ ಜಲಸಂಧಿಯನ್ನು ಹಡಗುಗಳಿಂದಲೇ ಒಡೆದು ನುಗ್ಗಬಹುದು ಎಂದರು. 1915ರ ಮಾರ್ಚ್ 18ರಂದು ನೀರೊಳಗಿನ ಸಿಡಿಗುಂಡುಗಳಿಗೆ ಮೂರು ದೊಡ್ಡ ಯುದ್ಧನೌಕೆಗಳು ಮುಳುಗಿದವು. ಏಪ್ರಿಲ್ 25ಕ್ಕೆ ಗೆಲಿಪೊಲಿಯ ದಡದಲ್ಲಿ ಸೈನ್ಯ ಇಳಿಸಿದರು. ಮೇಲೆ ಗುಡ್ಡದಲ್ಲಿ ಮುಸ್ತಫಾ ಕೆಮಾಲ್ ಇದ್ದರು, ಮುಂದೆ ತುರ್ಕಿಯ ಅಧ್ಯಕ್ಷರಾದವರೇ. ಎಂಟು ತಿಂಗಳು ಕಳೆದರೂ ದಡ ಬಿಟ್ಟು ಮೇಲೇರಲಾಗಲಿಲ್ಲ. ಅಲ್ಲಿ ಸಿಖ್ಖರೂ ಗೂರ್ಖರೂ ಇದ್ದರು. ಗುಂಡಿನ ಮಳೆಯಲ್ಲಿ ನೀರು, ಮದ್ದುಗುಂಡು ಸಾಗಿಸಿದ ಭಾರತದ ಹೇಸರಗತ್ತೆ ಗಾಡಿಯವರೂ ಇದ್ದರು. ಮಕ್ಕಳಿಗೆ ಬಹಳ ಇಷ್ಟವಾಗುತ್ತಿದ್ದದ್ದು ಕೊನೆಯ ಭಾಗ. ಡಿಸೆಂಬರಿನಲ್ಲಿ ರಾತ್ರೋರಾತ್ರಿ ಜಾಗ ಖಾಲಿ ಮಾಡುವಾಗ, ಕಂದಕದಲ್ಲಿ ಇನ್ನೂ ಜನರಿದ್ದಾರೆ ಎಂದು ತುರ್ಕರು ನಂಬಬೇಕಲ್ಲ? ಮೇಲೊಂದು ಡಬ್ಬಿಯಲ್ಲಿ ನೀರು, ತಳದಲ್ಲಿ ಸಣ್ಣ ತೂತು, ಕೆಳಗೆ ಬಂದೂಕಿನ ಕುದುರೆಗೆ ದಾರ ಕಟ್ಟಿದ ಇನ್ನೊಂದು ಡಬ್ಬಿ. ನೀರು ತೊಟ್ಟಿಕ್ಕಿ ಕೆಳಗಿನ ಡಬ್ಬಿ ಭಾರವಾದಾಗ ಗುಂಡು ತಾನಾಗಿ ಹಾರುತ್ತಿತ್ತು. ಆಸ್ಟ್ರೇಲಿಯಾದ ಸೈನಿಕರು ಮಾಡಿದ ಉಪಾಯ ಇದು. ಮಾರನೆಯ ದಿನ ಯಾರಾದರೊಬ್ಬರು ಡಬ್ಬಿ, ದಾರ, ಮರದ ಬಂದೂಕು ತಂದು ತೋರಿಸುತ್ತಿದ್ದರು.

ಎರಡು ಪಿರಿಯಡ್ ಪೂರ್ತಿ ನಾನು ಇಟ್ಟುಕೊಳ್ಳುತ್ತಿದ್ದದ್ದು ಮೆಸೊಪೊಟೇಮಿಯಾಕ್ಕೆ, ಇಂದಿನ ಇರಾಕಿಗೆ. ಹಿಂದಿನ ಬೆಂಚಿನ ಹುಡುಗನ ಪ್ರಶ್ನೆಗೆ ಉತ್ತರ ಅಲ್ಲಿದೆ. ಹೊರದೇಶಕ್ಕೆ ಹೋದ ಭಾರತೀಯರಲ್ಲಿ ಅತಿ ಹೆಚ್ಚು ಮಂದಿ ಹೋದದ್ದು ಆ ರಂಗಕ್ಕೆ. ಪರ್ಷಿಯಾದ ಎಣ್ಣೆಯನ್ನು ಕಾಯುವುದಕ್ಕೆಂದು 1914ರ ನವೆಂಬರಿನಲ್ಲಿ ಬಸ್ರಾ ಬಂದರನ್ನು ಹಿಡಿದರು. ಅಲ್ಲಿಗೆ ನಿಲ್ಲಬಹುದಿತ್ತು. ಸುಲಭವಾಗಿ ಗೆದ್ದದ್ದರಿಂದ ಆಸೆ ಹೆಚ್ಚಿತು, ಬಾಗ್ದಾದಿನ ಹೆಸರು ಕಿವಿಗೆ ಬಿತ್ತು. ಮೇಜರ್ ಜನರಲ್ ಟೌನ್‌ಶೆಂಡ್ ಟೈಗ್ರಿಸ್ ನದಿಯ ಉದ್ದಕ್ಕೂ ಮೇಲೆ ಹೋದರು. ರಸ್ತೆಯಿಲ್ಲ, ರೈಲಿಲ್ಲ, ಇರುವುದು ನದಿ. ನದಿಗೆ ಸಾಕಷ್ಟು ದೋಣಿಗಳಿಲ್ಲ. ಸೈನ್ಯ ಒಂದೊಂದು ಮೈಲಿ ಮುಂದೆ ಹೋದಷ್ಟೂ ಅದೇ ದೋಣಿಗಳು ಇನ್ನಷ್ಟು ದೂರ ಓಡಾಡಬೇಕು. ಬಾವಿಗೆ ನೀರು ಇಳಿದಷ್ಟೂ ಹಗ್ಗ ಉದ್ದವಾಗಬೇಕು, ಸೇದುವ ಕೊಡ ಒಂದೇ. ಹೀಗೆ ಹೇಳಿದರೆ ನಮ್ಮ ಬಯಲುಸೀಮೆಯ ಮಕ್ಕಳಿಗೆ ಯುದ್ಧದ ಸರಬರಾಜು ಎಂಬುದು ತಟ್ಟನೆ ಅರ್ಥವಾಗುತ್ತಿತ್ತು.

1915ರ ನವೆಂಬರಿನಲ್ಲಿ ಬಾಗ್ದಾದಿಗೆ ಸ್ವಲ್ಪವೇ ದೂರದ ಟೆಸಿಫಾನ್‌ನಲ್ಲಿ ಸೈನ್ಯ ತಡೆದು ನಿಂತಿತು. ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು. ಗಾಯಾಳುಗಳನ್ನು ಅಂಬುಲೆನ್ಸ್ ಇಲ್ಲದೆ ಸಾಮಾನು ಗಾಡಿಗಳಲ್ಲಿ ಹೇರಿ ನದಿಗೆ ತಂದರು. ಅಲ್ಲಿಂದ ದಿನಗಟ್ಟಲೆ ದೋಣಿಯ ತೆರೆದ ಹಲಗೆಯ ಮೇಲೆ ಬಸ್ರಾಕ್ಕೆ. ಉಳಿದವರು ಹಿಂದೆ ಸರಿದು ಕುಟ್ ಎಂಬ ಊರಿನೊಳಗೆ ಸೇರಿಕೊಂಡರು. ಟೈಗ್ರಿಸ್ ಅದನ್ನು ಮೂರು ಕಡೆ ಸುತ್ತಿಕೊಂಡಿದೆ. ನಾಲ್ಕನೆಯ ಕಡೆಯನ್ನು ತುರ್ಕರು ಮುಚ್ಚಿದರು. 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರವರೆಗೆ ಮುತ್ತಿಗೆ.

ಕುಟ್‌ನಲ್ಲಿ ಧಾನ್ಯ ಮುಗಿಯುತ್ತ ಬಂದಾಗ ಕುದುರೆಗಳನ್ನು ಕೊಂದು ಮಾಂಸ ಹಂಚಿದರು. ಭಾರತೀಯ ಸೈನಿಕರಲ್ಲಿ ಹೆಚ್ಚಿನವರು ಮುಟ್ಟಲಿಲ್ಲ. ಊರಿಗೆ ಹೋದ ಮೇಲೆ ಜಾತಿಯಿಂದ ಹೊರಗಿಟ್ಟರೆ? ಮಗಳಿಗೆ ಗಂಡು ಸಿಗದಿದ್ದರೆ? ತಿನ್ನಬಹುದು ಎಂದು ಭಾರತದ ಧಾರ್ಮಿಕ ಮುಖಂಡರಿಂದ ತಂತಿಯಿಲ್ಲದ ತಂತಿಯಲ್ಲಿ ಅಪ್ಪಣೆ ತರಿಸಿದರು. ಆದರೂ ಬಹುದಿನ ಹಿಂಜರಿದರು. ತಿನ್ನಲು ಒಪ್ಪುವ ಹೊತ್ತಿಗೆ ಒಸಡು ಕೊಳೆತು, ಕೈಕಾಲು ಸೋತಿದ್ದವು. ಈ ಭಾಗ ಹೇಳುವಾಗ ತರಗತಿ ಸದ್ದಿಲ್ಲದೆ ಕೂರುತ್ತಿತ್ತು. ತಿನ್ನಬೇಕಿತ್ತು ಎನ್ನುವವರು, ತಿನ್ನಬಾರದಿತ್ತು ಎನ್ನುವವರು, ಎರಡು ಪಕ್ಷವಾಗುತ್ತಿತ್ತು. ನಾನು ತೀರ್ಪು ಕೊಡುತ್ತಿರಲಿಲ್ಲ. ಹಸಿವಿನಲ್ಲೂ ಊರನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಿದ್ದ ಆ ಜನ ಮಕ್ಕಳ ಕಣ್ಣಿಗೆ ಬಿದ್ದರಲ್ಲ, ಅಷ್ಟು ಸಾಕಿತ್ತು.

ಬಿಡಿಸಲು ಬಂದ ಸೈನ್ಯ ನಾಲ್ಕು ತಿಂಗಳಲ್ಲಿ ಸುಮಾರು 23,000 ಜನರನ್ನು ಕಳೆದುಕೊಂಡಿತು, ಒಳಗೆ ಸಿಕ್ಕಿಕೊಂಡವರಿಗಿಂತ ಹೆಚ್ಚು. ವಿಮಾನದಿಂದ ಹಿಟ್ಟಿನ ಮೂಟೆ ಬೀಳಿಸಿದರು, ಕೆಲವು ನದಿಗೆ ಬಿದ್ದವು. ಕೊನೆಗೆ ತುರ್ಕಿ ಸೇನಾಪತಿಗೆ ಹಣ ಕೊಟ್ಟು ಬಿಡಿಸಿಕೊಳ್ಳಲು ನೋಡಿದರು, ಆತ ಒಪ್ಪಲಿಲ್ಲ. ಸುಮಾರು 13,000 ಮಂದಿ ಶರಣಾದರು, ಅವರಲ್ಲಿ ಬಹುಪಾಲು ಭಾರತೀಯರು. ಟೌನ್‌ಶೆಂಡರನ್ನು ಇಸ್ತಾಂಬುಲ್ ಬಳಿಯ ದ್ವೀಪವೊಂದರ ಮನೆಯಲ್ಲಿ ಇರಿಸಿದರು. ಸಿಪಾಯಿಗಳನ್ನು ಮರುಭೂಮಿಯಲ್ಲಿ ನಡೆಸಿದರು, ದಾರಿಯಲ್ಲೂ ಶಿಬಿರಗಳಲ್ಲೂ ಸಾವಿರಾರು ಮಂದಿ ಸತ್ತರು. ಬಂಗಾಳದ ಅಂಬುಲೆನ್ಸ್ ದಳದ ಶಿಶಿರ್ ಪ್ರಸಾದ್ ಸರ್ಬಾಧಿಕಾರಿ ಎಂಬ ತರುಣ ತನ್ನ ದಿನಚರಿಯ ಹಾಳೆಗಳನ್ನು ಬೂಟಿನೊಳಗೆ ಬಚ್ಚಿಟ್ಟುಕೊಂಡು ಆ ದಾರಿ ನಡೆದರು. ಎಷ್ಟೋ ವರ್ಷದ ಮೇಲೆ ಬಂಗಾಳಿಯಲ್ಲಿ ಅದು ಪುಸ್ತಕವಾಯಿತು. ಬೇರೆಯವರ ಬಾಯಿ ಅಲ್ಲಿಗೇ ಮುಚ್ಚಿಹೋಯಿತು.

ಪರೀಕ್ಷೆಯ ದೃಷ್ಟಿಯಿಂದಲೂ ಕುಟ್ ಪಾಠ ವ್ಯರ್ಥವಲ್ಲ ಎಂದು ಸಹೋದ್ಯೋಗಿಗಳಿಗೆ ವಾದಿಸುತ್ತಿದ್ದೆ. ಈ ದುರಂತದ ಬಗ್ಗೆ ಬ್ರಿಟನ್ನಿನಲ್ಲಿ ವಿಚಾರಣಾ ಆಯೋಗ ಕೂತಿತು. ಅದರ ವರದಿ ಬಂದ ಮೇಲೆ 1917ರ ಜುಲೈನಲ್ಲಿ ಭಾರತ ಮಂತ್ರಿ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಂದವರು ಎಡ್ವಿನ್ ಮಾಂಟೆಗೂ. ಮರು ತಿಂಗಳು, ಆಗಸ್ಟ್ 20ರಂದು, ಭಾರತಕ್ಕೆ ಹಂತಹಂತವಾಗಿ ಜವಾಬ್ದಾರಿ ಸರ್ಕಾರ ಎಂಬ ಘೋಷಣೆ. 1919ಕ್ಕೆ ಮಾಂಟೆಗೂ–ಚೆಲ್ಮ್ಸ್‌ಫರ್ಡ್ ಸುಧಾರಣೆ. ಘೋಷಣೆಗೆ ಕುಟ್ ಒಂದೇ ಕಾರಣವಲ್ಲ, ಹೋಂರೂಲ್ ಚಳವಳಿಯ ಒತ್ತಡ ಜೋರಾಗಿತ್ತು. ಆದರೂ ಪುಸ್ತಕದ ಬೇರೆ ಬೇರೆ ಅಧ್ಯಾಯಗಳಲ್ಲಿ ಅಪರಿಚಿತರಂತೆ ಕೂತಿದ್ದ ಎರಡು ಸಂಗತಿಗಳು ಟೈಗ್ರಿಸ್ ದಡದಲ್ಲಿ ಕೈ ಕುಲುಕುವುದನ್ನು ನೋಡಿದರೆ ಮಕ್ಕಳು ಮರೆಯುವುದಿಲ್ಲ.

ಮೈಸೂರಿನವರ ಸರದಿ ಪ್ಯಾಲೆಸ್ಟೈನ್ ರಂಗದ್ದು. ನಾಲ್ವಡಿ ಕೃಷ್ಣರಾಜ ಒಡೆಯರ್ ಯುದ್ಧಕ್ಕೆ 50 ಲಕ್ಷ ರೂಪಾಯಿ ಕೊಟ್ಟದ್ದಲ್ಲದೆ ಮೈಸೂರು ಲ್ಯಾನ್ಸರ್ಸ್ ಅಶ್ವದಳವನ್ನು 1914ರಲ್ಲೇ ಈಜಿಪ್ಟಿಗೆ ಕಳಿಸಿದರು. ಸೂಯೆಜ್ ಕಾಲುವೆಯ ಕಾವಲು ಅದರ ಮೊದಲ ಕೆಲಸ. 1917ರಲ್ಲಿ ಗಾಜಾದ ಮೇಲೆ ಎರಡು ದಾಳಿಗಳು ಸೋತ ಮೇಲೆ ಅಲೆನ್‌ಬಿ ಎಂಬ ಹೊಸ ಸೇನಾಪತಿ ಬಂದರು. ಅಕ್ಟೋಬರ್ 31ರಂದು ಒಳನಾಡಿನ ಬೀರ್‌ಷೆಬಾದ ಮೇಲೆ ಬಿದ್ದರು. ಅಲ್ಲಿ ಗೆಲ್ಲಬೇಕಾಗಿದ್ದದ್ದು ಕೋಟೆಯಲ್ಲ, ಬಾವಿಗಳು. ಕುದುರೆಗಳು ಒಂದು ದಿನಕ್ಕೂ ಮೇಲ್ಪಟ್ಟು ನೀರು ಕಂಡಿರಲಿಲ್ಲ. ಕತ್ತಲಾಗುವುದರೊಳಗೆ ಊರು ಸಿಗದಿದ್ದರೆ ಇಡೀ ಅಶ್ವಸೈನ್ಯ ಹಿಂದಿರುಗಬೇಕಿತ್ತು. ಆಸ್ಟ್ರೇಲಿಯಾದ ಸವಾರರು ಮುಸ್ಸಂಜೆಯಲ್ಲಿ ನುಗ್ಗಿ ಬಾವಿಗಳನ್ನು ಹಿಡಿದರು. ಡಿಸೆಂಬರಿನಲ್ಲಿ ಜೆರುಸಲೇಮ್ ಕೈಸೇರಿತು.

1918ರ ಸೆಪ್ಟೆಂಬರ್ 23ರಂದು ಹೈಫಾ. ಒಂದು ಕಡೆ ಕಾರ್ಮೆಲ್ ಬೆಟ್ಟ, ಅದರ ಮೇಲೆ ಫಿರಂಗಿ. ಇನ್ನೊಂದು ಕಡೆ ಕಿಶೋನ್ ನದಿ, ಅದರ ದಡ ಕಾಲಿಟ್ಟರೆ ಹೂಳುವ ಕೆಸರು. ಮೈಸೂರಿನ ಒಂದು ತುಕಡಿ ಬೆಟ್ಟ ಹತ್ತಿ ಫಿರಂಗಿಗಳತ್ತ ಹೋಯಿತು. ಜೋಧಪುರದವರು ಮೆಷಿನ್‌ಗನ್‌ಗಳ ಎದುರಿಗೇ ಕುದುರೆ ಓಡಿಸಿದರು; ಅವರ ಮೇಜರ್ ದಲಪತ್ ಸಿಂಗ್ ಅಲ್ಲೇ ಮಡಿದರು. ಭರ್ಜಿ ಮತ್ತು ಕತ್ತಿ ಹಿಡಿದವರು ಸಂಜೆಯೊಳಗೆ ಊರು ಗೆದ್ದು, 1,350ರಷ್ಟು ಜನರನ್ನು ಸೆರೆ ಹಿಡಿದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಜೋಧಪುರ, ಹೈದರಾಬಾದ್, ಮೈಸೂರು ಅಶ್ವದಳಗಳವು. ಇತ್ತೀಚೆಗೆ ಹೈಫಾ ಬಗ್ಗೆ ಭಾಷಣ, ಮೆರವಣಿಗೆ ಎಲ್ಲ ನಡೆಯುತ್ತಿದೆ, ನಡೆಯಲಿ. ಆದರೆ ನಾನು ಯಾವಾಗಲೂ ಕುಟ್ ಮೊದಲು ಹೇಳಿ ಹೈಫಾ ಆಮೇಲೆ ಹೇಳುತ್ತಿದ್ದೆ. ಹೈಫಾವನ್ನು ಮೊದಲು ಕೇಳಿದ ಮಕ್ಕಳಿಗೆ ಕುದುರೆಯ ಓಟ ಮಾತ್ರ ನೆನಪುಳಿಯುತ್ತದೆ.

ಆ ಯುದ್ಧದಲ್ಲಿ ಸತ್ತ ಭಾರತೀಯರು 74,000ದಷ್ಟು. ನಮ್ಮ ಊರಿನಂಥ ಎಷ್ಟು ಊರು ಖಾಲಿಯಾದರೆ ಅಷ್ಟಾಗುತ್ತದೆ ಎಂದು ಭಾಗಾಕಾರ ಮಾಡಿಸುತ್ತಿದ್ದೆ. ಆಮೇಲೆ 1918ರ ಜೂನಿನಲ್ಲಿ ಮುಂಬಯಿ ಬಂದರಿಗೆ ಹಡಗುಗಳೊಂದಿಗೆ ಬಂದಿಳಿದ ಇನ್‌ಫ್ಲುಯೆಂಜಾ. ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಅದಕ್ಕೆ ಬಲಿಯಾದರು. ಬಂದೂಕು ನೋಡದ ಹಳ್ಳಿಗಳಿಗೂ ಯುದ್ಧ ಬಂದದ್ದು ಹೀಗೆ, ಜ್ವರವಾಗಿ.

ಈ ಸಂಚಿಕೆ ಓದುವ ಊರಿನವರಲ್ಲಿ ಒಂದು ಕೋರಿಕೆ ಇದೆ. ಹಳೆಯ ಟ್ರಂಕಿನಲ್ಲೋ ದೇವರ ಪೆಟ್ಟಿಗೆಯಲ್ಲೋ ರೂಪಾಯಿಗಿಂತ ದೊಡ್ಡದಾದ, ಒಂದು ಬದಿಯಲ್ಲಿ ರಾಜನ ತಲೆ, ಇನ್ನೊಂದು ಬದಿಯಲ್ಲಿ ಕುದುರೆ ಸವಾರ ಇರುವ ಪದಕ ಇದ್ದರೆ ಅಕ್ಕಸಾಲಿಗನ ಬಳಿ ಒಯ್ಯುವ ಮೊದಲು ಶಾಲೆಗೆ ತಂದು ತೋರಿಸಿ. ಅದರ ಅಂಚಿನ ದಪ್ಪದ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಪಡೆದವನ ಹೆಸರು, ನಂಬರು, ದಳ ಕೆತ್ತಿರುತ್ತದೆ. ಭೂತಗನ್ನಡಿ ಶಾಲೆಯ ಪ್ರಯೋಗಾಲಯದಲ್ಲಿದೆ. ಬೆಳ್ಳಿಯದಾದರೆ ಅದು ಸಿಪಾಯಿಯದು. ಕಂಚಿನದಾದರೆ ಬಹುಮಟ್ಟಿಗೆ ಕೂಲಿ ದಳದವನದು, ಬಂದೂಕು ಹಿಡಿಯದೆ ಮೂಟೆ ಹೊತ್ತವನದು. ಕಂಚಿನದಕ್ಕೆ ಬೆಲೆ ಇಲ್ಲವೆಂದು ಬಿಸಾಡಬೇಡಿ, ಅಂಥದ್ದು ಸಿಕ್ಕರೆ ಮೊದಲು ಅದನ್ನೇ ತನ್ನಿ.