ತಂಗಡಿ ತೊಗಟೆಯ ಕಥೆ

ಕಲ್ಯಾಣದುರ್ಗದಿಂದ ಪಾವಗಡದ ಕಡೆಗೆ ಹೊರಟರೂ ಸರಿ, ಹಿಂದೂಪುರದಿಂದ ಮಡಕಶಿರಾದ ಕಡೆಗೆ ಹೊರಟರೂ ಸರಿ, ಬೀಳುಭೂಮಿಯಲ್ಲಿ ಹಳದಿ ಹೂ ಬಿಟ್ಟು ನಿಂತ ಒಂದು ಗಿಡ ಕಣ್ಣಿಗೆ ಬಿದ್ದೇ ಬೀಳುತ್ತದೆ. ತೆಲುಗಿನ ಅತ್ತೆಮನೆಯಲ್ಲಿ ಅದು ತಂಗೇಡು, ಕನ್ನಡದ ತವರಿನಲ್ಲಿ ತಂಗಡಿ. ಆವರಿಕೆ, ಹೊನ್ನಾವರಿಕೆ ಎನ್ನುವವರೂ ಉಂಟು. ಗಡಿಯ ಗುರುತು ಗಿಡಕ್ಕೇನು ಗೊತ್ತು?

1753ರಲ್ಲಿ ಲಿನೇಯಸ್ ಇದಕ್ಕೆ ಕ್ಯಾಸಿಯಾ ಆರಿಕ್ಯುಲೇಟಾ ಎಂದು ಹೆಸರಿಟ್ಟ. ಈಗಿನ ಶಾಸ್ತ್ರೀಯ ಹೆಸರು ಸೆನ್ನಾ ಆರಿಕ್ಯುಲೇಟಾ. ಆರಿಕ್ಯುಲೇಟಾ ಎಂದರೆ ಕಿವಿಯುಳ್ಳದ್ದು. ಎಲೆಯ ತೊಟ್ಟಿನ ಬುಡದಲ್ಲಿ ನೋಡಿ, ಪುಟ್ಟ ಕಿವಿಗಳಂತೆ ಎರಡು ಉಪಎಲೆಗಳಿರುತ್ತವೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಅನಂತಪುರದ ಕೆಂಪು ನೆಲದಲ್ಲಿ ಇದು ಯಾರ ಹಂಗೂ ಇಲ್ಲದೆ ಬೆಳೆಯುತ್ತದೆ. ದನಕರು ಇದಕ್ಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ.

ಆದರೆ ದನದ ಬದುಕಿಗೂ ಸಾವಿಗೂ ಈ ಗಿಡ ಅಂಟಿಕೊಂಡೇ ಬಂದಿದೆ. ಹಿಂದೆ ಬಾವಿಯಿಂದ ನೀರೆತ್ತುತ್ತಿದ್ದುದು ಕಪಿಲೆ. ಕಪಿಲೆಗೆ ಬೇಕಾದದ್ದು ಚರ್ಮದ ಚೀಲ. ಆ ತೊಗಲನ್ನು ಹದ ಮಾಡುತ್ತಿದ್ದವರು ಊರಿನ ಮಾದಿಗರು. ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಹೆರೆದು, ತೊಗಲನ್ನು ಚೀಲದಂತೆ ಹೊಲಿದು, ಒಳಗೆ ತಂಗಡಿ ತೊಗಟೆಯ ರಸ ತುಂಬಿ ತೂಗುಹಾಕುವುದು ಒಂದು ಪದ್ಧತಿ. ತೊಗಟೆಯಲ್ಲಿ ನೂರಕ್ಕೆ ಹದಿನೈದರಿಂದ ಇಪ್ಪತ್ತು ಪಾಲು ಇರುವ ಒಗರಿನ ಅಂಶವೇ ತೊಗಲನ್ನು ಕೊಳೆಯದಂತೆ ಕಾಯುತ್ತದೆ. ನೀರು ಕುಡಿದು ಬೆಳೆದ ರಾಗಿಯನ್ನು ಊರೆಲ್ಲ ಉಂಡಿತು. ಹದ ಮಾಡಿದವನನ್ನು ಮಾತ್ರ ಊರಾಚೆ ಇಟ್ಟಿತು. ಇದನ್ನು ಹೇಳದೆ ತಂಗಡಿಯ ಚರಿತ್ರೆ ಹೇಳಲಾಗದು.

19ನೆಯ ಶತಮಾನದ ನಡುಭಾಗದಲ್ಲಿ ಚಾರ್ಲ್ಸ್ ಡಿ ಸುಸಿನಿ ಎಂಬಾತ ಮದ್ರಾಸಿನಲ್ಲಿ ಈ ನಾಡ ಪದ್ಧತಿಯನ್ನು ತಿದ್ದಿ ದೊಡ್ಡ ಉದ್ಯಮಕ್ಕೆ ದಾರಿ ಮಾಡಿದ. ತಂಗಡಿಯಲ್ಲಿ ಹದವಾದ ಚರ್ಮ ಬೆಳಕಿಗೆ ಕೆಂಪಾಗುತ್ತದೆ. ಕೊನೆಗೆ ಅಳಲೆಕಾಯಿಯ ರಸದಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆ. ಹೀಗೆ ತಯಾರಾದ ಚರ್ಮ ಲಂಡನ್ನಿನ ಪೇಟೆಯಲ್ಲಿ 'ಈಸ್ಟ್ ಇಂಡಿಯಾ ಕಿಪ್' ಎಂದು ಹೆಸರಾಯಿತು.

1876-78ರ ಭೀಕರ ಕ್ಷಾಮದಲ್ಲಿ ಮೇವಿಲ್ಲದೆ ದನಗಳು ಲೆಕ್ಕವಿಲ್ಲದಷ್ಟು ಸತ್ತವು. ನಮ್ಮ ಸೀಮೆ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು. ರೈತನ ಕೊಟ್ಟಿಗೆ ಬರಿದಾದ ಆ ವರ್ಷಗಳಲ್ಲೇ ಮದ್ರಾಸಿನಿಂದ ಹೊರದೇಶಕ್ಕೆ ಹೋದ ಚರ್ಮ ಒಮ್ಮೆಲೇ ಹೆಚ್ಚಿತು. ಒಬ್ಬರ ಮನೆಯ ಸೂತಕ, ಇನ್ನೊಬ್ಬರ ಅಂಗಡಿಯ ಸುಗ್ಗಿ.

1882ರಲ್ಲಿ ಅನಂತಪುರ ಬೇರೆ ಜಿಲ್ಲೆಯಾಯಿತು. ಅದೇ ವರ್ಷ ಮದ್ರಾಸ್ ಅರಣ್ಯ ಕಾಯ್ದೆಯೂ ಬಂತು. ಕಾಯ್ದಿಟ್ಟ ಕಾಡಿನ ತೊಗಟೆ ಸರಕಾರದ ಆದಾಯದ ಬಾಬತ್ತಾಗಿ ಗುತ್ತಿಗೆಗೆ ಹೋಯಿತು. ಕುಡುಗೋಲು ಹಿಡಿದು ಹೋಗಿ ಕಂತೆ ಕಡಿದು ತರುತ್ತಿದ್ದವನಿಗೆ ಈಗ ಅಪ್ಪಣೆ ಬೇಕಾಯಿತು.

ಮೊದಲ ಮಹಾಯುದ್ಧದಲ್ಲಿ ಸಿಪಾಯಿಗಳ ಬೂಟಿಗೆ ಈ ಚರ್ಮ ಹೇರಳವಾಗಿ ಬೇಕಾಯಿತು. ಆದರೆ ತಂಗಡಿಗೆ ಪ್ರತಿಸ್ಪರ್ಧಿಗಳು ಹುಟ್ಟಿಕೊಂಡಿದ್ದರು. ಆಲ್‌ಫ್ರೆಡ್ ಚಾಟರ್ಟನ್ 1903ರ ಸುಮಾರಿಗೆ ಮದ್ರಾಸಿನಲ್ಲಿ ಕ್ರೋಮ್ ಲವಣದಿಂದ ಹದ ಮಾಡುವ ಪ್ರಯೋಗ ಶುರುಮಾಡಿದ. ತಮಾಷೆಯೆಂದರೆ, ಆತನ ಮುಖ್ಯ ಗುರಿಗಳಲ್ಲಿ ಒಂದು ಬಾಳಿಕೆಯ ಕಪಿಲೆ ಚೀಲ! ಇತ್ತ ದಕ್ಷಿಣ ಆಫ್ರಿಕದ ವಾಟಲ್ ತೊಗಟೆ ಹಡಗಿನಲ್ಲಿ ಬಂತು. ತಂಗಡಿಗಿಂತ ಅದರಲ್ಲಿ ಒಗರು ಹೆಚ್ಚು. ಮುಂದೆ ವಿದ್ಯುತ್ ಪಂಪು ಬಂದು ಕಪಿಲೆಯೇ ಮೂಲೆ ಸೇರಿತು.

ಬೆಳೆಸಬೇಕೆನ್ನುವವರು ಗಟ್ಟಿ ಸಿಪ್ಪೆಯ ಬೀಜವನ್ನು ಸ್ವಲ್ಪ ಉಜ್ಜಿ, ಮಳೆಗಾಲದ ಮೊದಲಿಗೆ ನೇರ ಬಿತ್ತಬಹುದು. ಎರಡು ಮೂರು ವರ್ಷಕ್ಕೆ ತೊಗಟೆ ಕೊಯ್ಲಿಗೆ ಬರುತ್ತದೆ. ಕಡಿದ ಬುಡ ಮತ್ತೆ ಚಿಗುರುತ್ತದೆ. ಸೊಪ್ಪು ಗದ್ದೆಗೆ ಹಸಿರು ಗೊಬ್ಬರ, ಎಳೆ ಕಡ್ಡಿ ಹಲ್ಲುಜ್ಜಲು. ಒಣಗಿದ ಹೂವಿನ ಕಷಾಯ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಕುಡಿಯುವವರಿದ್ದಾರೆ. ಕುಡಿಯಿರಿ, ವೈದ್ಯರು ಕೊಟ್ಟ ಮಾತ್ರೆ ಮಾತ್ರ ಬಿಡಬೇಡಿ.

ತೆಲಂಗಾಣದಲ್ಲಿ ಬತುಕಮ್ಮನನ್ನು ಪೇರಿಸಲು ಈ ಹೂ ಬೇಕೇ ಬೇಕು. 2014ರಲ್ಲಿ ಅದು ಆ ರಾಜ್ಯದ ಹೂವೂ ಆಯಿತು. ನಮ್ಮಲ್ಲಿ ಅದು ಈಗಲೂ ಬದುವಿನ ಮೇಲೆ, ಯಾರೂ ನೀರು ಹಾಯಿಸದೆ, ಹೂ ಬಿಡುತ್ತಿದೆ.