ರಕ್ತ ತಂದ ಸುದ್ದಿ

ಹೃದಯ ವೈಫಲ್ಯವೆಂದರೆ ಹೃದಯ ತಟ್ಟನೆ ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ತಳ್ಳಲಾರದೆ ಅದು ವರ್ಷಗಟ್ಟಲೆ ಏಗುತ್ತದೆ. ಕಾಲು ಊದಿಕೊಳ್ಳುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ. ಬಹುಕಾಲ ವೈದ್ಯರು ಇದನ್ನು ಕೆಟ್ಟುಹೋದ ಪಂಪಿನ ಕತೆಯೆಂದೇ ತಿಳಿದಿದ್ದರು. ರಕ್ತ ಬೇರೆಯದನ್ನೇ ಹೇಳುತ್ತಿತ್ತು.

1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಹೊಸ ವಸ್ತುವೊಂದನ್ನು ಗುರುತಿಸಿದರು. ರೋಗ ಉಲ್ಬಣಿಸಿದಾಗ ಅದು ಕಾಣಿಸುತ್ತಿತ್ತು, ಚೇತರಿಸಿಕೊಂಡಾಗ ಮಾಯವಾಗುತ್ತಿತ್ತು. ಮುಂದೆ ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬ ಹೆಸರು ಪಡೆದ ಇದು ಉರಿಯೂತದ ಗುರುತು. 1956ರಲ್ಲಿ ಎಲ್ಸ್ಟರ್, ಬ್ರಾನ್‌ವಾಲ್ಡ್ ಮತ್ತು ವುಡ್ ಹೃದಯ ವೈಫಲ್ಯದ ರೋಗಿಗಳಲ್ಲೂ ಅದನ್ನೇ ಕಂಡರು. ಬಾಲ್ಯದಲ್ಲಿ ನಾಜಿಗಳಿಂದ ಪಾರಾಗಿ ವಿಯೆನ್ನಾ ತೊರೆದಿದ್ದ ಬ್ರಾನ್‌ವಾಲ್ಡ್‌ಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ.

1990ರಲ್ಲಿ ಲೆವಿನ್, ಪ್ಯಾಕರ್ ಮತ್ತು ಸಂಗಡಿಗರು 33 ರೋಗಿಗಳ ರಕ್ತದಲ್ಲಿ ಟಿಎನ್‌ಎಫ್ ಎಂಬ ಉರಿಯೂತಕಾರಕವನ್ನು ಅಳೆದರು. ಆರೋಗ್ಯವಂತರಲ್ಲಿ ಸರಾಸರಿ 9 ಯೂನಿಟ್ ಇದ್ದರೆ ಇವರಲ್ಲಿ 115. ಅದು ಹೆಚ್ಚಿದ್ದವರೇ ಮೈ ಸೊರಗಿ ಎಲುಬಿನ ಹಂದರವಾಗಿದ್ದರು. ಹಾಗಾದರೆ ಟಿಎನ್‌ಎಫ್ ಅನ್ನು ಅಡಗಿಸಿದರೆ ರೋಗಿ ಉಳಿಯಬೇಕಲ್ಲ? ಔಷಧಿಯೂ ಕೈಯಲ್ಲಿತ್ತು, ಸಂಧಿವಾತಕ್ಕೆ ಅದನ್ನು ಆಗಲೇ ಕೊಡುತ್ತಿದ್ದರು.

ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಎಟನರ್ಸೆಪ್ಟ್ ಪ್ರಯೋಗಗಳನ್ನು, ಫಲವಿಲ್ಲವೆಂದು 2001ರಲ್ಲಿ ನಡುವೆಯೇ ನಿಲ್ಲಿಸಲಾಯಿತು. ಇನ್‌ಫ್ಲಿಕ್ಸಿಮ್ಯಾಬ್‌ನದು ಇನ್ನೂ ಕೆಟ್ಟ ಕತೆ. 150 ರೋಗಿಗಳ ಆ ಪ್ರಯೋಗದ ವರದಿ 2003ರಲ್ಲಿ ಬಂತು. ಹೆಚ್ಚಿನ ಪ್ರಮಾಣದಲ್ಲಿ ಔಷಧಿ ಪಡೆದವರಲ್ಲಿ ಸಾಯುವ ಇಲ್ಲವೇ ಆಸ್ಪತ್ರೆ ಸೇರುವ ಅಪಾಯ ತಗ್ಗುವ ಬದಲು ಏರಿತ್ತು.

ಉರ್ದು ಗಜಲಿನ ಪ್ರೇಮಿ ಕೆಲವೊಮ್ಮೆ ಕಾಸಿದನ ಮೇಲೆ, ಅಂದರೆ ಓಲೆಕಾರನ ಮೇಲೆ, ಹರಿಹಾಯುತ್ತಾನೆ. ವೈದ್ಯರೂ ಅದನ್ನೇ ಮಾಡಿದರು ಎನ್ನುವುದು ಸುಲಭ. ಆದರೆ ಟಿಎನ್‌ಎಫ್ ಬರೀ ಓಲೆಕಾರನಲ್ಲ. ಅದರ ಗ್ರಾಹಕಗಳಿಲ್ಲದ ಇಲಿಗಳಲ್ಲಿ ಹೃದಯಾಘಾತದ ಹಾನಿ ಹೆಚ್ಚಾಗುವುದು 2000ದಲ್ಲೇ ಕಂಡುಬಂದಿತ್ತು. ಸುಡುವ ಕೈಯೇ ಕಾಯುವ ಕೈಯೂ ಆಗಿತ್ತು.

ಗುರುತು ಮಾತ್ರ ಸುಳ್ಳಾಗಲಿಲ್ಲ. ಹಿಂದೆ ಚಂಡೀಗಢದಲ್ಲಿದ್ದ ಇಂದರ್ ಆನಂದ್ ಮತ್ತು ಸಂಗಡಿಗರು 2005ರಲ್ಲಿ 4,202 ರೋಗಿಗಳ ಲೆಕ್ಕ ಪ್ರಕಟಿಸಿದರು. ಸಿ-ರಿಯಾಕ್ಟಿವ್ ಪ್ರೋಟೀನ್ ಹೆಚ್ಚಿದ್ದವರಲ್ಲಿ ಸಾವೂ ಹೆಚ್ಚಿತ್ತು. ಇನ್‌ಫ್ಲಿಕ್ಸಿಮ್ಯಾಬ್ ಈಗಲೂ ಸಂಧಿವಾತಕ್ಕೆ ಬಳಕೆಯಲ್ಲಿದೆ. ಹೃದಯ ವೈಫಲ್ಯವಿರುವವರ ಬಗೆಗಿನ ಎಚ್ಚರಿಕೆ ಅದರ ಜೊತೆಗೇ ಅಚ್ಚಾಗಿ ಬರುತ್ತದೆ.